ಶಾಕಾಹಾರಿ ಬಿಲ್ಡಿಂಗಿನಲ್ಲಿ ಗಾಳದ ಕೋಲು

ಮೀನು ತಿನ್ನದವನು ಮೀನು ಹಿಡಿಯುವ ಕೋಲು ಕೊಂಡರೆ ಅದು ಯಾವ ಕಾನೂನಿನ ಪ್ರಕಾರ ಅಪರಾಧ? ಈ ಪ್ರಶ್ನೆಯನ್ನು ನಾನು ಹದಿನೈದು ದಿನಗಳಿಂದ ಕೇಳುತ್ತಿದ್ದೇನೆ. (ಮನಸ್ಸಿನಲ್ಲೇ. ಗಟ್ಟಿಯಾಗಿ ಕೇಳುವ ಸ್ಥಿತಿಯಲ್ಲಿ ನಾನಿಲ್ಲ.) ನೀವು ಮೂರನೆಯವರು, ನಮ್ಮ ಮನೆಯ ಉಪ್ಪು ತಿಂದವರಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ನಿಮ್ಮ ಮುಂದೆ ಇಡುತ್ತೇನೆ. ತೀರ್ಪು ನೀವೇ ಕೊಡಿ.

ನನ್ನ ಹೆಸರು ನಂಜುಂಡ. ಮೈಸೂರು ಕಡೆಯವನು, ಮುಂಬಯಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಪಂಪಿನ ಬಿಡಿಭಾಗ ಮಾಡುವ ಒಂದು ಕಂಪೆನಿಯಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ದೀಪಾವಳಿ ಮುಗಿದ ಮೇಲೆ ಸೇಠ್ ನಮ್ಮನ್ನೆಲ್ಲ ಕರೆದು ಚಹಾ ಕೊಟ್ಟರು. ಹಿಂದೆಲ್ಲ ಇಂಥ ಮೀಟಿಂಗಿಗೆ ಸಮೋಸ ಇರುತ್ತಿತ್ತು. ಈ ಸಲ ಬಿಸ್ಕತ್ತು, ತಲೆಗೆ ಎರಡು. ಅಲ್ಲೇ ನನಗೆ ಅನುಮಾನ ಬಂತು. ಆರ್ಡರ್ ಇಲ್ಲ, ಮಾರ್ಕೆಟ್ ಠಂಡಾ, ಇನ್ನು ಮೇಲೆ ಶುಕ್ರವಾರ ಶನಿವಾರವೂ ರಜೆ ಎಂದರು ಸೇಠ್. ಆ ಎರಡು ದಿನ ಸಂಬಳಕ್ಕೂ ರಜೆ ಎಂಬುದನ್ನು ನನ್ನ ಎರಡನೆಯ ಬಿಸ್ಕತ್ತು ಬಾಯಲ್ಲಿದ್ದಾಗ ಹೇಳಿದರು.

ಅದೇ ಸಂಜೆ ನನ್ನ ಧರ್ಮಪತ್ನಿ ವನಮಾಲಾ ನಮ್ಮ ಒಂದೂವರೆ ಕೋಣೆಯ ಸಾಮ್ರಾಜ್ಯದಲ್ಲಿ ತುರ್ತುಪರಿಸ್ಥಿತಿ ಘೋಷಿಸಿದಳು. ಗೀಸರಿನ ಸ್ವಿಚ್ಚಿಗೆ ಟೇಪ್ ಬಿತ್ತು. ಕಾಫಿಪುಡಿಯಲ್ಲಿ ಚಿಕೋರಿ ಎಷ್ಟೆಂದರೆ, ಅದು ಚಿಕೋರಿಯಲ್ಲಿ ಕಾಫಿಪುಡಿ. ಹಾಗೆಂದು ಅವಳು ಬರೀ ನನ್ನ ಮೇಲೆ ದಬ್ಬಾಳಿಕೆ ನಡೆಸಿದಳೆಂದು ತಿಳಿಯಬೇಡಿ. ಮಗಳು ಧಾತ್ರಿಯ ಕಾಲೇಜು ಫೀಸು ಕಟ್ಟುವ ದಿನ ಬಂದಾಗ ತನ್ನ ಕಿವಿಯ ಚಿನ್ನದ ಓಲೆ ಬಿಚ್ಚಿ ಬ್ಯಾಂಕಿನಲ್ಲಿ ಅಡವಿಟ್ಟಳು. ತೂತು ಮುಚ್ಚಿಹೋಗಬಾರದೆಂದು ಪೊರಕೆ ಕಡ್ಡಿಯ ಚೂರು ಸಿಕ್ಕಿಸಿಕೊಂಡಳು. ಅದನ್ನು ನೋಡಿದಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು.

ಇಂಥ ಸಮಯದಲ್ಲಿ ಗಾಳದ ಕೋಲು ಕೊಂಡವನು ಮನುಷ್ಯನೇ ಎಂದು ನೀವು ಕೇಳಬಹುದು. ಸ್ವಲ್ಪ ತಾಳಿ. ಮೊದಲು ನಮ್ಮ ಮನೆಯ ವಿಷಯ ಹೇಳುತ್ತೇನೆ, ಏಕೆಂದರೆ ಎಲ್ಲಕ್ಕಿಂತ ದೊಡ್ಡ ಗಂಡಾಂತರ ಬಂದದ್ದು ಅದಕ್ಕೇ.

ನಾವಿರುವುದೂ ಕಾಂದಿವಲಿಯಲ್ಲೇ, ಶುದ್ಧ ಶಾಕಾಹಾರಿ ಬಿಲ್ಡಿಂಗಿನಲ್ಲಿ. ಗೇಟಿನ ಬೋರ್ಡಿನಲ್ಲಿ ಹಾಗೆ ಬರೆದಿಲ್ಲ, ಆದರೆ ಲಿಫ್ಟಿನೊಳಗೆ ಮೊಟ್ಟೆಯ ಚಿತ್ರವಿರುವ ಬಿಸ್ಕತ್ತಿನ ಪೊಟ್ಟಣ ಹಿಡಿದು ನಿಂತರೂ ಜನ ಮುಂದಿನ ಲಿಫ್ಟಿಗೆ ಕಾಯುತ್ತಾರೆ. ನಮ್ಮ ಮನೆಯ ಮಾಲೀಕರು ಜಯಂತಿಭಾಯಿ. ಸೊಸೈಟಿಯ ಸೆಕ್ರೆಟರಿಯೂ ಅವರೇ. ಈರುಳ್ಳಿ, ಆಲೂಗೆಡ್ಡೆ ಕೂಡ ಮುಟ್ಟದ ಜೈನರು, ಇರುವೆ ಕಂಡರೆ ದಾರಿ ಬಿಟ್ಟುಕೊಡುವವರು. ನಾವು ಮೀನು ಮಾಂಸ ತಿನ್ನದವರೆಂಬ ಒಂದೇ ಗುಣಕ್ಕೆ ಒಲಿದು ಒಂಬತ್ತು ವರ್ಷದಿಂದ ಕಡಿಮೆ ಬಾಡಿಗೆಗೆ ಇಟ್ಟುಕೊಂಡಿದ್ದಾರೆ. ಮುಂಬಯಿಯ ಬಾಡಿಗೆ ಕರಾರು ಹನ್ನೊಂದು ತಿಂಗಳದು. ಹನ್ನೊಂದು ತಿಂಗಳಿಗೊಮ್ಮೆ ನಮ್ಮ ಜಾತಕ ಹೊಸದಾಗಿ ಬರೆಯಲ್ಪಡುತ್ತದೆ. ಈ ಸಲದ ಕರಾರು ಜನವರಿ ಕೊನೆಗೆ ಮುಗಿಯುತ್ತಿತ್ತು. ಜಯಂತಿಭಾಯಿ ಬೇಡವೆಂದರೆ ಈ ಸಂಬಳದಲ್ಲಿ ನಮಗೆ ಮನೆ ಸಿಗುವುದು ವಿರಾರಿನ ಆಚೆ, ಎಲ್ಲಿ ಟ್ರೈನು ಕೂಡ ಸುಸ್ತಾಗಿ ನಿಂತುಬಿಡುತ್ತದೋ ಅಲ್ಲಿ.

ಈಗ ಕೋಲಿನ ವಿಷಯಕ್ಕೆ ಬರೋಣ. ನನಗೆ ಕುತೂಹಲ ಎಂಬ ಕಾಯಿಲೆ ಮೊದಲಿನಿಂದಲೂ ಇದೆ. ಹುಡುಗನಾಗಿದ್ದಾಗ ಅಪ್ಪನ ಅಲಾರಂ ಗಡಿಯಾರ ಬಿಚ್ಚಿದ್ದೆ. ಮದುವೆಯಾದ ಹೊಸತರಲ್ಲಿ ವನಮಾಲಾಳ ತವರಿನ ಮಿಕ್ಸಿ ಬಿಚ್ಚಿದೆ. (ಜೋಡಿಸುವುದು ಇನ್ನೂ ಬಾಕಿ ಇದೆ.) ಕೆಲಸವಿಲ್ಲದ ಒಂದು ಶುಕ್ರವಾರ ಫೋನು ತಿಕ್ಕುತ್ತ ಕೂತಿದ್ದಾಗ ಒಂದು ವಿಡಿಯೋ ಬಂತು. ಯಾವುದೋ ದೇಶದ ಯಾವುದೋ ಹೊಳೆ. ಮೊಣಕಾಲುದ್ದದ ನೀರಿನಲ್ಲಿ ಒಬ್ಬ ಮುದುಕ ನಿಂತು ಕೋಲನ್ನು ಹಿಂದಕ್ಕೆ ಮುಂದಕ್ಕೆ ಬೀಸುತ್ತಿದ್ದಾನೆ. ಹಳದಿ ದಾರವೊಂದು ಅವನ ತಲೆಯ ಮೇಲೆ ಸುರುಳಿ ಬಿಚ್ಚುತ್ತ ಹೋಗಿ ನೀರಿನ ಮೇಲೆ ಮೆಲ್ಲಗೆ ಕೂರುತ್ತದೆ. ಮೀನು ಬಂದು ಕಚ್ಚುತ್ತದೆ. ಮುದುಕ ಅದನ್ನು ಎತ್ತಿ, ಮುಖ ನೋಡಿ, ಬೆನ್ನು ಸವರಿ, ವಾಪಸ್ಸು ನೀರಿಗೆ ಬಿಟ್ಟುಬಿಡುತ್ತಾನೆ.

ನಾನು ಎದ್ದು ಕೂತೆ. ನಮಗೆ ಗೊತ್ತಿರುವ ಗಾಳದಲ್ಲಿ ತುದಿಗೆ ಎರೆಹುಳ ಚುಚ್ಚಿ, ಭಾರ ಕಟ್ಟಿ ಎಸೆಯುತ್ತಾರೆ. ಇಲ್ಲಿ ತುದಿಯಲ್ಲಿರುವುದು ಬಣ್ಣದ ಗರಿ, ನೂಲು, ಜರಿ ಸುತ್ತಿ ಮಾಡಿದ ಸುಳ್ಳು ನೊಣ. ಊದಿದರೆ ಹಾರಿಹೋಗುವಷ್ಟು ಹಗುರ. ಹಾಗಿದ್ದೂ ಅದು ನಲವತ್ತು ಅಡಿ ದೂರದ ಹೇಳಿದ ಜಾಗಕ್ಕೇ ಹೋಗಿ ಕೂರುತ್ತದೆ. ಹೇಗೆ? ಭಾರವಿರುವುದು ದಾರದಲ್ಲೇ ಎಂದು ಇನ್ನೊಂದು ವಿಡಿಯೋ ಹೇಳಿತು. ಅದು ಸರಿ, ಆದರೆ ದಾರ ಗಂಟಾಗುವುದಿಲ್ಲವೇಕೆ? ಮೀನಿಗೆ ಇದು ನೊಣವಲ್ಲ ಎಂದು ತಿಳಿಯುವುದಿಲ್ಲವೇ? ಅದಕ್ಕೆ ಇನ್ನೊಂದು ವಿಡಿಯೋ. ಹೀಗೆ ಒಂದು ತಿಂಗಳಲ್ಲಿ ನಾನು ಒಂದು ಹನಿ ನೀರು ಮುಟ್ಟದೆ ಜಗತ್ತಿನ ನದಿಗಳನ್ನೆಲ್ಲ ಸುತ್ತಿ ಬಂದೆ. ಹಿಡಿದ ಮೀನನ್ನು ಬಿಟ್ಟುಬಿಡುವ ಈ ವಿದ್ಯೆ ನಮ್ಮಂಥ ಸಸ್ಯಾಹಾರಿಗಳಿಗಾಗಿಯೇ ಹುಟ್ಟಿದ್ದು ಎಂಬುದು ನನ್ನ ಘನವಾದ ಅಭಿಪ್ರಾಯವಾಯಿತು.

ಹಳೆಯ ಸಾಮಾನು ಮಾರುವ ಆ್ಯಪಿನಲ್ಲಿ ಸುಮ್ಮನೆ ಹುಡುಕಿದೆ. ಅಲ್ಲಿತ್ತು. ಭಾಂಡುಪಿನ ಶೇಖರ ಎಂಬವರು ಕೋಲು, ರೀಲು, ಹಳದಿ ದಾರ, ಒಂದು ಡಬ್ಬಿ ನೊಣ ಇಷ್ಟನ್ನೂ ಪ್ಲಾಸ್ಟಿಕ್ ಕುರ್ಚಿಯ ಬೆಲೆಗೆ ಮಾರುತ್ತಿದ್ದರು. ಸಂಬಳ ಕಡಿತವಾದಂದಿನಿಂದ ಶೇರ್ ರಿಕ್ಷಾ ಬಿಟ್ಟು ಕೆಲಸದಿಂದ ನಡೆದು ಬಂದು ಉಳಿಸಿದ ದುಡ್ಡು ನನ್ನಲ್ಲಿತ್ತು. ಅದು ನನ್ನ ಕಾಲಿನ ಸ್ವಯಾರ್ಜಿತ, ಅದರಲ್ಲಿ ಮನೆಯವರ ಹಕ್ಕಿಲ್ಲ ಎಂದು ವಾದಿಸಿ ನನ್ನನ್ನು ನಾನೇ ಒಪ್ಪಿಸಿದೆ.

ಶೇಖರ ಮಂಗಳೂರು ಕಡೆಯವರು. ಒಂದು ಕಂಪೆನಿಯ ಗೆಸ್ಟ್‌ಹೌಸಿನಲ್ಲಿ ಅಡುಗೆ ಮಾಡಿಕೊಂಡಿದ್ದವರು. ಅಲ್ಲಿದ್ದ ವಿದೇಶಿ ಸಾಹೇಬರೊಬ್ಬರು ಊರಿಗೆ ಹೋಗುವಾಗ ಬಕ್ಷೀಸಿನ ಬದಲು ಈ ಸಾಮಾನು ಕೊಟ್ಟು ಹೋದರಂತೆ. ಈಗ ಗೆಸ್ಟ್‌ಹೌಸೇ ಮುಚ್ಚಿದೆ, ಶೇಖರ ಮನೆಯಲ್ಲಿ ಮೀನೂಟದ ಡಬ್ಬಿ ಮಾಡಿ ಮಾರುತ್ತಾರೆ. ನಾನು ಮೂಗಿಗೆ ಕರವಸ್ತ್ರ ಹಿಡಿದು ಒಳಗೆ ಹೋದದ್ದನ್ನು ಅವರು ಗಮನಿಸಿದರು.

"ನೀವು ಮೀನು ತಿನ್ನುವುದಿಲ್ವಾ?"

"ಇಲ್ಲ."

"ಮತ್ತೆ ಇದು ಎಂತಕ್ಕೆ ಮಾರಾಯ್ರೆ?"

"ಹಿಡಿದು ಬಿಡೋಕೆ."

"ಬಿಡುವುದಾದ್ರೆ ಹಿಡಿಯುವುದು ಯಾಕೆ? ನನಗೆ ದಿನಾ ಮೀನು ಬೇಕು. ಆದ್ರೆ ಮೀನು ಬೇಕಾದ್ರೆ ಮಾರ್ಕೆಟಿಗೆ ಹೋಗ್ಬೇಕು, ಕೋಲು ಹಿಡ್ಕೊಂಡು ಹೊಳೆಗೆ ಅಲ್ಲ," ಎಂದರು. ದುಡ್ಡು ಎಣಿಸದೆ ಜೇಬಿಗೆ ಹಾಕಿಕೊಂಡರು. ನನ್ನ ಮನಸ್ಸು ಬದಲಾದೀತೆಂಬ ಭಯ ಅವರಿಗಿತ್ತು.

ನಾಲ್ಕು ತುಂಡಾಗಿ ಬಿಚ್ಚುವ ಕೋಲು ಅದು, ಒಂದು ಉದ್ದನೆಯ ಕೊಳವೆಯೊಳಗೆ ಕೂತಿತ್ತು. ಲೋಕಲ್ಲಿನಲ್ಲಿ ಪಕ್ಕದವನು ಕೇಳಿದ, ಕರ್ಟನ್ ರಾಡಾ? ನಾನು ಹೌದೆಂದೆ. ಅಪರಿಚಿತನಿಗೆ ಹೇಳಿದ ಸುಳ್ಳಿಗೆ ಪಾಪವಿಲ್ಲ. ಆದರೆ ನಮ್ಮ ಗೇಟಿನಲ್ಲಿ ವಾಚ್‌ಮನ್ ಹಣಮಂತ ತಡೆದ. ವಿಜಯಪುರ ಕಡೆಯವನು, ಕನ್ನಡದವರು ಕಂಡರೆ ಬಿಡುವವನಲ್ಲ. "ಏನ್ರೀ ಸಾಹೇಬ್ರ ಇದು, ಇಷ್ಟುದ್ದ?" ಎಂದ. ಬಾಯಿಗೆ ರೂಢಿಯಾಗಿತ್ತು, ಕರ್ಟನ್ ರಾಡಪ್ಪ ಎಂದುಬಿಟ್ಟೆ.

ನಾನು ನಾಲ್ಕನೆಯ ಮಾಳಿಗೆ ತಲುಪುವ ಮೊದಲೇ ಸುದ್ದಿ ಇಂಟರ್‌ಕಾಮಿನಲ್ಲಿ ತಲುಪಿತ್ತು. ವನಮಾಲಾ ಬಾಗಿಲಲ್ಲೇ ನಿಂತಿದ್ದಳು. ಎದುರು ಬಿಲ್ಡಿಂಗಿನವರು ನಮ್ಮ ಊಟದ ತಟ್ಟೆಯಲ್ಲಿ ಏನಿದೆ ಎಂದು ನೋಡುತ್ತಾರೆ, ಹಾಲಿನ ಕಿಟಕಿಗೆ ಪರದೆ ಹಾಕಿಸಿ ಎಂದು ಅವಳು ಮೂರು ವರ್ಷದಿಂದ ಗೋಗರೆಯುತ್ತಿದ್ದಳು.

"ಅಂತೂ ತಂದ್ರಲ್ಲ," ಎಂದಳು. ಆ ಮುಖದಲ್ಲಿ ಅಷ್ಟು ಸಂತೋಷ ನೋಡಿ ಎಷ್ಟೋ ತಿಂಗಳಾಗಿತ್ತು. ಸತ್ಯ ನನ್ನ ಗಂಟಲವರೆಗೆ ಬಂದು ಅಲ್ಲೇ ಕೂತಿತು.

ಹೀಗಾಗಿ ಒಂಬತ್ತು ಅಡಿಯ, ವಿದೇಶಿ ತಯಾರಿಕೆಯ, ಹಗುರಾತಿಹಗುರವಾದ ಗಾಳದ ಕೋಲು ನಮ್ಮ ಹಾಲಿನಲ್ಲಿ ಎರಡು ಮೊಳೆಗಳ ಮೇಲೆ ಮಲಗಿತು. ಅವಳ ಹಳೆಯ ಸೀರೆ ಅದರ ಮೇಲೆ ಪರದೆಯಾಯಿತು. ಕಿಟಕಿ ನಾಲ್ಕೇ ಅಡಿ ಇದ್ದುದರಿಂದ ಪಕ್ಕದ ಗೋಡೆಗೂ, ಕ್ಯಾಲೆಂಡರಿಗೂ ಪರದೆ ಬಿತ್ತು. ಕೋಲಿಗೆ ದಾರ ಪೋಣಿಸುವ ಪುಟ್ಟ ಬಳೆಗಳಿವೆಯಲ್ಲ, ಪರದೆಗೆಂದೇ ಕಂಪೆನಿಯವರು ಬಳೆ ಕೊಟ್ಟಿದ್ದಾರೆ ಎಂದು ಅವಳು ಮೆಚ್ಚಿಕೊಂಡಳು. ನಡುವೆ ಅದು ಬಾಗಿ ನಿಂತದ್ದು ಮಾತ್ರ ಹಿಡಿಸಲಿಲ್ಲ.

"ಇದ್ಯಾಕ್ರೀ ಹೀಗೆ ಬಳುಕತ್ತೆ?"

"ಹೊಸಾ ಮಾಡೆಲ್ಲು. ಭೂಕಂಪ ಆದ್ರೂ ಮುರಿಯಲ್ಲ."

ಶುಕ್ರವಾರ, ಶನಿವಾರ ಬೆಳಿಗ್ಗೆ ವನಮಾಲಾ ಅಗ್ಗದ ತರಕಾರಿಗೆಂದು ಬೋರಿವಲಿಗೆ ಹೋಗುತ್ತಾಳೆ. ಅವಳು ಲಿಫ್ಟ್ ಇಳಿದದ್ದೇ ತಡ, ನಾನು ಪರದೆ ಕಳಚಿ, ಕೋಲು ಬಿಚ್ಚಿ, ರೀಲು ಸಿಕ್ಕಿಸಿಕೊಂಡು ಟೆರೇಸಿಗೆ ಓಡುತ್ತಿದ್ದೆ. ಗಾಳದ ಬದಲು ತುದಿಗೆ ಉಣ್ಣೆಯ ಚೂರು ಕಟ್ಟಿ, ಬಣ್ಣದ ಹಳೆಯ ಬಕೆಟ್ಟನ್ನೇ ಮೀನೆಂದು ಭಾವಿಸಿ ಬೀಸುತ್ತಿದ್ದೆ. ಮೊದಲ ದಿನ ದಾರ ನನ್ನನ್ನೇ ಕಟ್ಟಿಹಾಕಿತು. ಎರಡನೆಯ ದಿನ ನೀರಿನ ಟ್ಯಾಂಕನ್ನು ಹಿಡಿದೆ. ಹಿಂದಕ್ಕೆ ಬೀಸಿದ ಮೇಲೆ ಒಂದು ಗಳಿಗೆ ಸುಮ್ಮನಿರಬೇಕು, ದಾರ ಪೂರ್ತಿ ಬಿಚ್ಚಿಕೊಂಡ ಮೇಲೆಯೇ ಮುಂದಕ್ಕೆ ತರಬೇಕು ಎಂಬ ಗುಟ್ಟು ಮೂರನೆಯ ದಿನ ಹೊಳೆಯಿತು. ಆ ಕಾಯುವ ಗಳಿಗೆ ಇದೆಯಲ್ಲ, ಆಗ ಸೇಠ್ ಇಲ್ಲ, ಕಡಿತದ ಸಂಬಳ ಇಲ್ಲ, ಕರಾರು ಇಲ್ಲ. ಉಣ್ಣೆಯ ಚೂರು ಬಕೆಟ್ಟಿನೊಳಗೆ ಬಿದ್ದಾಗ ನನಗೆ ಕುಣಿಯಬೇಕೆನ್ನಿಸಿತು. ಹತ್ತರಲ್ಲಿ ಎರಡು ಸಲ ಬೀಳುತ್ತಿತ್ತು.

ರೀಲನ್ನು ಬಿಚ್ಚಿದ ಮಿಕ್ಸಿಯ ಭಾಗಗಳ ನಡುವೆ, ನೊಣಗಳ ಡಬ್ಬಿಯನ್ನು ನನ್ನ ಕಾಲುಚೀಲಗಳ ನಡುವೆ ಬಚ್ಚಿಟ್ಟಿದ್ದೆ. ಆ ಜಾಗವನ್ನು ವನಮಾಲಾ ಎಂದೂ ಮುಟ್ಟುವುದಿಲ್ಲ ಎಂದುಕೊಂಡಿದ್ದೆ. ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ಗಂಡಸು ಹೀಗೆ ಯೋಚಿಸುತ್ತಾನೆಂದರೆ ಅವನನ್ನು ಯಾರು ಕಾಪಾಡಬೇಕು?

ಜನವರಿ ಇಪ್ಪತ್ತರ ಸಂಜೆ ಕೆಲಸದಿಂದ ಬಂದೆ. ವನಮಾಲಾ ರೇಷ್ಮೆ ಸೀರೆ ಉಟ್ಟಿದ್ದಳು. ಮನೆಯಲ್ಲಿ ಪಾಯಸದ ವಾಸನೆ. ತುರ್ತುಪರಿಸ್ಥಿತಿ ಸಡಿಲವಾಗಿದೆಯಲ್ಲ ಎಂದು ನೋಡುತ್ತಿದ್ದಂತೆ ಅವಳು ತಲೆ ಆಚೆ ಈಚೆ ತಿರುಗಿಸಿ ತೋರಿಸಿದಳು. ಎರಡೂ ಕಿವಿಯಲ್ಲಿ ನೊಣಗಳು. ನವಿಲುಬಣ್ಣದ ಗರಿ, ಕೆಂಪು ನೂಲು, ನಡುವೆ ಚಿನ್ನದ ಜರಿ, ಎಲ್ಲ ಮಿನುಗುತ್ತಿದ್ದವು. ಹಿಡಿದ ಮೀನಿಗೆ ನೋವಾಗದೆ ಬಿಡಿಸಿಬಿಡಲೆಂದು ಆ ಗಾಳಗಳಿಗೆ ಚುಚ್ಚಿದ್ದು ಹಿಂದಕ್ಕೆ ಬಾರದಂತೆ ತಡೆಯುವ ಹಿಮ್ಮುಳ್ಳು ಇರುವುದಿಲ್ಲ. ಅದೇ ಕಾರಣಕ್ಕೆ ಅವು ಅವಳ ಕಿವಿಗೂ ಸಲೀಸಾಗಿ ಹೋಗಿದ್ದವು.

"ಇಪ್ಪತ್ತೈದು ವರ್ಷ ಆಯ್ತು ಅಂತ ನಿಮಗೆ ನೆನಪಿರುತ್ತೆ ಅಂದ್ಕೊಂಡಿರ್ಲಿಲ್ಲ," ಎಂದಳು. "ಚಿನ್ನ ತರೋಕಾಗದಿದ್ರೇನಂತೆ. ಇದನ್ನ ಹುಡುಕಿ ತಂದ್ರಲ್ಲ."

ನಮ್ಮ ಮದುವೆಯ ದಿನ ನನಗೆ ನೆನಪಿರಲಿಲ್ಲ. ಅದನ್ನು ಹೇಳಲೇ, ಅಥವಾ ಕಿವಿಯಲ್ಲಿರುವುದು ಮೀನಿನ ಆಹಾರ ಎಂಬುದನ್ನು ಹೇಳಲೇ? ಎರಡನ್ನೂ ಬಿಟ್ಟು "ಹೂಂ" ಎಂದೆ. ಪಾಯಸ ಎರಡು ಬಟ್ಟಲು ಕುಡಿದೆ. ಅಂದಿನಿಂದ ಅವಳು ಅವನ್ನು ಕಿವಿಯಿಂದ ಬಿಚ್ಚಲಿಲ್ಲ. ಉಳಿದ ನೊಣಗಳ ಡಬ್ಬಿ ಅವಳ ಕಪಾಟು ಸೇರಿ ಬೀಗ ಬಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಜಯಂತಿಭಾಯಿ ಮತ್ತು ಅವರ ಹೆಂಡತಿ ಹಂಸಾಬೆನ್ ಕರಾರಿನ ಕಾಗದ ಹಿಡಿದು ಬಂದರು. ವನಮಾಲಾ ಈರುಳ್ಳಿ ಇಲ್ಲದ ಉಪ್ಪಿಟ್ಟು ಮಾಡಿದ್ದಳು. ಜಯಂತಿಭಾಯಿ ಕಷ್ಟಕಾಲ ಎಲ್ಲರಿಗೂ ಬಂದಿದೆ ಎಂದು ಪೀಠಿಕೆ ಹಾಕಿದರು. ಬಾಡಿಗೆ ಏರಿಸುವವರ ಪೀಠಿಕೆ ಹಾಗೇ ಇರುತ್ತದೆ. ನಡುವೆ ಅವರ ಕಣ್ಣು ಬಾಗಿದ ಪರದೆ ಕೋಲಿನ ಮೇಲೆ ಬಿತ್ತು. ಹತ್ತಿರ ಹೋಗಿ ಬೆರಳಿನಿಂದ ತಟ್ಟಿ, ಇದ್ಯಾವ ಜಾತಿಯ ರಾಡು ಎಂದು ಕೇಳಿದರು. ಅದೇ ಹೊತ್ತಿಗೆ ಹಂಸಾಬೆನ್ ವನಮಾಲಾಳ ಕಿವಿ ಹಿಡಿದು, ಇಂಥ ಓಲೆ ಎಲ್ಲೂ ನೋಡಿಲ್ಲ, ಯಾವ ಅಂಗಡಿ ಎಂದು ಕೇಳಿದರು. ಮೀನು ಹಿಡಿಯುವ ಸಾಮಗ್ರಿಯನ್ನು ಹೀಗೆ ಹಂಚಿಕೊಂಡು ಪರೀಕ್ಷಿಸುತ್ತಿದ್ದ ಆ ಸಾತ್ವಿಕ ದಂಪತಿಗಳ ನಡುವೆ ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಬೆವರುತ್ತಿದ್ದೆ.

ಆಗ ಬಾಲ್ಕನಿಯಿಂದ ಧಾತ್ರಿ ತನ್ನ ಅರ್ಧ ಹಿಂದಿಯ ಮುಂಬಯಿ ಕನ್ನಡದಲ್ಲಿ ಕರೆದಳು. "ಪಪ್ಪಾ, ಜಲ್ದಿ ಬನ್ನಿ. ಒಂದು ಬರ್ಡ್ ದಾರದಲ್ಲಿ ಅಟಕ್ ಆಗಿದೆ."

ಸಂಕ್ರಾಂತಿಗೆ ಗಾಳಿಪಟ ಹಾರಿಸಿದವರು ಗಾಜಿನ ಪುಡಿ ಸವರಿದ ಮಾಂಜಾ ದಾರವನ್ನು ಹಾಗೇ ಬಿಟ್ಟಿದ್ದರು. ನಮ್ಮ ಬಿಲ್ಡಿಂಗಿನ ಪಕ್ಕದ ಮರದಿಂದ ಎದುರು ಬಿಲ್ಡಿಂಗಿನ ಟಿವಿ ಡಿಶ್‌ವರೆಗೆ ಒಂದು ಮಾಂಜಾ ಎಳೆದುಕೊಂಡಿತ್ತು. ಅದರ ನಡುವೆ, ಗಲ್ಲಿಯ ಮೇಲೆ, ಒಂದು ಬೆಳ್ಳಕ್ಕಿ ರೆಕ್ಕೆಗೆ ದಾರ ಸುತ್ತಿಕೊಂಡು ತಲೆಕೆಳಗಾಗಿ ನೇತಾಡುತ್ತಿತ್ತು.

ಎಲ್ಲರೂ ಟೆರೇಸಿಗೆ ಓಡಿದೆವು. ಧಾತ್ರಿ ಫೈರ್ ಬ್ರಿಗೇಡಿಗೆ ಫೋನು ಮಾಡಿದಳು. ಗಾಡಿ ಬೇರೆಲ್ಲೋ ಹೋಗಿದೆ, ಒಂದು ಗಂಟೆಯಾಗುತ್ತದೆ ಎಂದರು. ಹಣಮಂತ ಜೇಡರ ಬಲೆ ತೆಗೆಯುವ ಬಿದಿರುಕೋಲು ತಂದ. ಅದು ಹತ್ತು ಅಡಿ ಈಚೆಗೇ ನಿಂತಿತು. ಬೆಳ್ಳಕ್ಕಿ ಒಂದು ಸಲ ಬಡಿದುಕೊಳ್ಳುತ್ತಿತ್ತು, ಆಮೇಲೆ ಬಹಳ ಹೊತ್ತು ಸುಮ್ಮನಿರುತ್ತಿತ್ತು. ಆ ಸುಮ್ಮನಿರುವ ಹೊತ್ತು ಉದ್ದವಾಗುತ್ತ ಬಂತು. ಜಯಂತಿಭಾಯಿ ಕೈಮುಗಿದು ಕಣ್ಣೀರು ಹಾಕುತ್ತಿದ್ದರು, ಯಾರಾದರೂ ಏನಾದರೂ ಮಾಡಿ ಎನ್ನುತ್ತಿದ್ದರು.

ಏನು ಮಾಡಬಹುದೆಂದು ಆ ಟೆರೇಸಿನಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ. ಮಾಡಿದರೆ ಶುದ್ಧ ಶಾಕಾಹಾರಿ ಬಿಲ್ಡಿಂಗಿಗೆ ಮೀನಿನ ಗಾಳ ತಂದವನು ಎಂದು ಸೆಕ್ರೆಟರಿಯ ಎದುರೇ ಸಾಬೀತಾಗುತ್ತದೆ. ಕರಾರಿಗೆ ಇನ್ನೂ ಸಹಿ ಬಿದ್ದಿಲ್ಲ. ವಿರಾರಿನ ಆಚೆಯ ಮನೆ, ಧಾತ್ರಿಯ ಕಾಲೇಜು, ವನಮಾಲಾಳ ಮುಖ ಎಲ್ಲ ಕಣ್ಣ ಮುಂದೆ ಬಂತು. ನಾನು ಧೀರನಲ್ಲ. ಬಾಯಿ ಮುಚ್ಚಿಕೊಂಡು ನಿಂತಿರಲು ಪ್ರಾಮಾಣಿಕವಾಗಿ ಪ್ರಯತ್ನಿಸಿದೆ. ಅಷ್ಟರಲ್ಲಿ ಆ ಹಾಳು ಹಕ್ಕಿ ನನ್ನ ಕಡೆಗೇ ಕತ್ತು ತಿರುಗಿಸಿತು.

ಮನೆಗೆ ಓಡಿ ಪರದೆ ಎಳೆದು ಬಿಸಾಕಿದೆ. ಕೋಲಿಗೆ ರೀಲು ಹಾಕಿ, ಬಳೆಗಳಲ್ಲಿ ದಾರ ಪೋಣಿಸಿಕೊಂಡು ಟೆರೇಸಿಗೆ ಬಂದೆ. ತುದಿಗೆ ಗಾಳ ಬೇಕು. ಗಾಳದ ಡಬ್ಬಿ ಕಪಾಟಿನಲ್ಲಿ, ಕಪಾಟಿಗೆ ಬೀಗ. ಕಿವಿ ಮಾತ್ರ ಎದುರಿಗೇ ಇತ್ತು.

"ವನೂ, ಒಂದು ಓಲೆ ಕೊಡು."

ಅವಳು ನನ್ನ ಕೈಯಲ್ಲಿದ್ದ ಪರದೆ ಕೋಲು ನೋಡಿದಳು, ಅದಕ್ಕೆ ಅಂಟಿಕೊಂಡಿದ್ದ ರೀಲು ನೋಡಿದಳು. ಏನೂ ಕೇಳದೆ ಎಡಗಿವಿಯದನ್ನು ಬಿಚ್ಚಿ ಕೊಟ್ಟಳು. ಅದನ್ನು ದಾರದ ತುದಿಗೆ ಕಟ್ಟಿದೆ.

ಮೊದಲ ಬೀಸಿಗೆ ಗಾಳ ಹಿಂದೆ ನಿಂತಿದ್ದ ಜಯಂತಿಭಾಯಿಯ ಶಾಲನ್ನು ಹಿಡಿಯಿತು. ಹಿಮ್ಮುಳ್ಳಿಲ್ಲದ್ದರಿಂದ ಶಾಲು ಉಳಿಯಿತು, ಅವರೂ ಉಳಿದರು. ಎರಡನೆಯದು ಈಚೆಗೇ ಬಿತ್ತು. ಮೂರನೆಯ ಸಲ ಹಿಂದಕ್ಕೆ ಬೀಸಿ, ಕಾದೆ. ಹಳದಿ ದಾರ ತಲೆಯ ಮೇಲೆ ಸುರುಳಿ ಬಿಚ್ಚುತ್ತ ಹೋಗಿ ಮಾಂಜಾದ ಆಚೆ ಇಳಿಯಿತು. ನಮ್ಮ ಇಪ್ಪತ್ತೈದನೆಯ ವಾರ್ಷಿಕೋತ್ಸವದ ಓಲೆ ಗಾಳಿಯಲ್ಲಿ ತೂಗುತ್ತ ಬಂದು ಮಾಂಜಾವನ್ನು ಕಚ್ಚಿತು. ಮೆಲ್ಲಗೆ ರೀಲು ಸುತ್ತಿದೆ. ಡಿಶ್ಶಿನ ಕಡೆ ಮಾಂಜಾ ಪಟ್ಟೆಂದು ಕಡಿಯಿತು, ಬೆಳ್ಳಕ್ಕಿ ಗೋಡೆಗೆ ತಾಗಿ ಮೇಲೆ ಬಂತು. ಹಣಮಂತ ಕೈಚಾಚಿ ಹಿಡಿದ. ಹಂಸಾಬೆನ್ ಸೆರಗಿನಲ್ಲಿ ಸುತ್ತಿಕೊಂಡರು. ಧಾತ್ರಿ ಕತ್ತರಿಯಿಂದ ದಾರ ಬಿಡಿಸಿದಳು.

ಜಯಂತಿಭಾಯಿ ಕಣ್ಣೊರೆಸಿಕೊಂಡು ಕೋಲಿನ ಕಡೆ ಬಂದರು. "ನಂಜುಂಡ್‌ಭಾಯ್, ಯೇ ಕ್ಯಾ ಚೀಜ್ ಹೈ?" ಎಂದರು. ನಾನು ಬಾಯಿ ತೆರೆದೆ. ಬರಲಿದ್ದದ್ದು ಸತ್ಯವೇ, ದೇವರಾಣೆಗೂ. ಆದರೆ ವನಮಾಲಾ ಮುಂದೆ ಬಂದಳು.

"ಪಕ್ಷಿ ಬಚಾನೇ ಕಾ ಹೈ," ಎಂದಳು. ಸಂಕ್ರಾಂತಿಯಲ್ಲಿ ಹಕ್ಕಿಗಳ ಕಷ್ಟ ನೋಡಲಾರದೆ ತನ್ನ ಗಂಡ ಊಟ ಬಿಟ್ಟು ದುಡ್ಡು ಉಳಿಸಿ ಇದನ್ನು ತರಿಸಿದ್ದಾನೆ, ರಜೆಯ ದಿನ ಟೆರೇಸಿನಲ್ಲಿ ಕದ್ದು ಅಭ್ಯಾಸ ಮಾಡುತ್ತಾನೆ, ಯಾರಿಗೂ ಹೇಳುವ ಸ್ವಭಾವ ಅವನದ್ದಲ್ಲ ಎಂದು ಹಿಂದಿಯಲ್ಲಿ ಒಂದೂ ತಪ್ಪಿಲ್ಲದೆ ಹೇಳಿದಳು. (ಟೆರೇಸಿನ ವಿಷಯ ಅವಳಿಗೆ ಹೇಗೆ ಗೊತ್ತಿತ್ತು ಎಂದು ನಾನು ಇವತ್ತಿನವರೆಗೂ ಕೇಳಿಲ್ಲ.)

ಜಯಂತಿಭಾಯಿ ನನ್ನನ್ನು ಅಪ್ಪಿಕೊಂಡರು. ನೀರಿನ ಟ್ಯಾಂಕಿನ ಮೇಲೆ ಕಾಗದ ಇಟ್ಟು, ಬಾಡಿಗೆ ಒಂದು ರೂಪಾಯಿಯೂ ಏರಿಸದೆ ಸಹಿ ಹಾಕಿದರು. ಆಮೇಲೆ ಅವರು ಕೋಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಇಂಥ ಪವಿತ್ರ ವಸ್ತು ಒಬ್ಬರ ಮನೆಯಲ್ಲಿರಬಾರದು, ಸೊಸೈಟಿಯ ಆಫೀಸಿನಲ್ಲಿರಲಿ ಎಂದರು. ನಾನು ಏನಾದರೂ ಹೇಳುವ ಮೊದಲೇ ವನಮಾಲಾ ಒಪ್ಪಿಗೆ ಕೊಟ್ಟಳು.

ಅವರು ಟೆರೇಸಿನ ಆ ತುದಿಗೆ, ಹಕ್ಕಿಯ ಕಡೆ ಸರಿದ ಮೇಲೆ ವನಮಾಲಾ ದಾರದ ತುದಿಯಿಂದ ಬಿಚ್ಚಿದ್ದ ನೊಣವನ್ನು ಅಂಗೈಯಲ್ಲಿಟ್ಟು ನೋಡಿದಳು. ಮಾಂಜಾ ಅದನ್ನು ಕೊಯ್ದುಹಾಕಿತ್ತು, ಗರಿ ಉದುರಿ ಕೊಕ್ಕೆಯೊಂದೇ ಉಳಿದಿತ್ತು.

"ಮೀನು ಹಿಡಿಯೋದಾ?" ಎಂದಳು.

ಹೌದೆಂದು ತಲೆಯಾಡಿಸಿದೆ.

"ಮೀನಿಗೆ ಅಂತ ತಂದಿದ್ದನ್ನ ನಾನು ಕಚ್ಚಿಕೊಂಡೆ," ಎಂದಳು. ದನಿ ಏರಿಸಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೂ ನನಗೆ ಸಾಕಷ್ಟು ಶಿಕ್ಷೆಯಾದಂತೆಯೇ. ಆದರೆ ಧಾತ್ರಿ ಹಕ್ಕಿಗಳ ಆಸ್ಪತ್ರೆಗೆ ಫೋನು ಮಾಡಿದ್ದಳು. ಫೋನು ಕೆಳಗಿಟ್ಟು ನಮ್ಮ ಕಡೆ ತಿರುಗಿದಳು. "ಅವರು ಕಲ್ ಸುಬಹ್ ಬರ್ತಾರಂತೆ. ಗಾಯ ಜ್ಯಾದಾ ಇಲ್ಲ, ಬಟ್ ತುಂಬಾ ವೀಕ್ ಇದೆ. ತಬ್ ತಕ್ ಪಾನಿ ಕೊಡಿ ಅಂದ್ರು. ಔರ್..." ಎಂದು ಹಂಸಾಬೆನ್ ಮುಖ ನೋಡಿ ದನಿ ಇಳಿಸಿದಳು. "ಛೋಟಾ ಫಿಶ್."

ಹಂಸಾಬೆನ್ ಬೆಳ್ಳಕ್ಕಿಯನ್ನು ಸೆರಗಿನಿಂದ ಇಳಿಸಿ ಮೆಲ್ಲಗೆ ನನ್ನ ಕೈಗಿಟ್ಟರು. ಜಯಂತಿಭಾಯಿ ಬಹಳ ಹೊತ್ತು ಯೋಚಿಸಿದರು. ಹಕ್ಕಿ ಹಸಿವಿನಿಂದ ಸಾಯಬಾರದು. ಹಾಗೆಂದು ಈ ಬಿಲ್ಡಿಂಗಿನೊಳಗೆ ಮೀನೂ ಬರಬಾರದು. ಪ್ರಕೃತಿ ಅದಕ್ಕೆ ಕೊಟ್ಟ ಆಹಾರದ ಬಗ್ಗೆ ತಾನೇನೂ ಹೇಳುವುದಿಲ್ಲ, ಕೇಳುವುದೂ ಇಲ್ಲ, ಅದು ಗೇಟಿನ ಆಚೆ ನಡೆಯಲಿ ಎಂದು ತೀರ್ಮಾನ ಕೊಟ್ಟರು. ಎಲ್ಲರೂ ನನ್ನ ಕಡೆ ನೋಡಿದರು.

ಹೀಗಾಗಿ ಆ ಮಧ್ಯಾಹ್ನ ನಾನು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಬೆಳ್ಳಕ್ಕಿಯನ್ನು ಕೂರಿಸಿಕೊಂಡು ಕಾಂದಿವಲಿಯಿಂದ ಭಾಂಡುಪಿಗೆ, ಶೇಖರರ ಮನೆಗೆ ಹೊರಟೆ. ಮೀನಿನ ಮನೆಯೆಂದು ನನಗೆ ಗೊತ್ತಿದ್ದದ್ದು ಅದೊಂದೇ. ಭಾನುವಾರದ ಮೆಗಾಬ್ಲಾಕ್, ಹಳಿ ರಿಪೇರಿಗೆಂದು ಅರ್ಧ ಟ್ರೈನುಗಳು ರದ್ದು. ಟ್ರೈನು ನಿಂತಲ್ಲೆಲ್ಲ ಹಕ್ಕಿ ಪೆಟ್ಟಿಗೆಯೊಳಗಿಂದ ಗೊರ ಗೊರ ಕೂಗುತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ದಾದರಿನಲ್ಲಿ ನನಗೆ ಜನ ತಾವಾಗಿಯೇ ಸೀಟು ಬಿಟ್ಟುಕೊಟ್ಟರು.

ಶೇಖರ ಬಾಗಿಲು ತೆರೆದು, ಕೋಲು ವಾಪಸ್ಸು ಕೊಡಲು ಬಂದಿರೇ ಎಂದು ಗಾಬರಿಯಾದರು. ಕಥೆಯೆಲ್ಲ ಹೇಳಿದೆ. ನಡುನಡುವೆ ಗೋಡೆ ಹಿಡಿದುಕೊಂಡು ನಕ್ಕರು. ಬುಟ್ಟಿಯಿಂದ ಬೆರಳುದ್ದದ ಮೀನು ತೆಗೆದು ಕೊಟ್ಟು, ತಮಗೆ ಹಕ್ಕಿಯ ಕೊಕ್ಕು ಕಂಡರೆ ಭಯ, ನೀವೇ ತಿನ್ನಿಸಬೇಕು ಎಂದರು. ಐವತ್ತೆರಡು ವರ್ಷ ಮೀನು ಮುಟ್ಟದ ಕೈ ಅದು. ಕಣ್ಣು ಮುಚ್ಚಿಕೊಂಡು ಬಾಲ ಹಿಡಿದು ಮುಂದೆ ಚಾಚಿದೆ. ಹಕ್ಕಿ ಕತ್ತು ಚಾಚಿ ಕಿತ್ತುಕೊಂಡಿತು. ಆಮೇಲೆ ಇನ್ನೊಂದು. ಒಂಬತ್ತು ಮೀನು ತಿಂದು, ಹತ್ತನೆಯದನ್ನು ಉಗಿದದ್ದು ನನ್ನ ಅಂಗಿಯ ಮೇಲೆ. ಅದು ಬದುಕುತ್ತದೆಂದು ಆಗ ಖಾತ್ರಿಯಾಯಿತು. ಇಷ್ಟು ವಾಸನೆಯ ನಡುವೆಯೂ ನನಗೆ ತುಂಬಾ ಸಂತೋಷವಾಯಿತು ಎಂದರೆ ನೀವು ನಂಬಬೇಕು.

ಆಸ್ಪತ್ರೆಯವರು ನಾಳೆ ಶೇಖರರ ಮನೆಗೇ ಬರುವುದೆಂದು ಧಾತ್ರಿ ಫೋನಿನಲ್ಲಿ ಏರ್ಪಾಡು ಮಾಡಿದಳು. ಅವಳ ಕೈಯಿಂದ ಫೋನು ತೆಗೆದುಕೊಂಡ ವನಮಾಲಾ, ಹಕ್ಕಿ ತಿಂತಾ ಎಂದು ಕೇಳಿದಳು. ತಿಂದಿತು ಎಂದೆ.

"ಸರಿ. ಬರೋವಾಗ ಕರ್ಟನ್ ರಾಡ್ ತಗೊಂಡು ಬನ್ನಿ. ಕರ್ಟನ್ನಿಂದೇ."

ತಂದೆ. ವಾಪಸ್ಸು ಬರುವಾಗ ಲೋಕಲ್ಲಿನಲ್ಲಿ ಪಕ್ಕದವನು ಒಮ್ಮೆ ನನ್ನ ಅಂಗಿ ಮೂಸಿ, ಒಮ್ಮೆ ಉದ್ದನೆಯ ಕೊಳವೆ ನೋಡಿ, ಮೀನು ಹಿಡಿಯುವ ರಾಡಾ ಎಂದು ಕೇಳಿದ. ಅಲ್ಲ, ಕರ್ಟನ್ ರಾಡು ಎಂದೆ. ನಂಬಿದಂತೆ ಕಾಣಲಿಲ್ಲ.

ಸಂಜೆ ಗೇಟಿಗೆ ಬಂದಾಗ ಹಣಮಂತ ಎದ್ದು ನಿಂತು ಸಲಾಂ ಹೊಡೆದ. ಎರಡು ಹೆಜ್ಜೆ ಹತ್ತಿರ ಬಂದವನು ಮೂಗು ಹಿಡಿದುಕೊಂಡು ಮೂರು ಹೆಜ್ಜೆ ಹಿಂದೆ ಹೋದ.

"ಸಾಹೇಬ್ರ, ಸಿಟ್ಟ ಮಾಡ್ಕೋಬ್ಯಾಡ್ರಿ. ಮೀನಿನ ವಾಸನಿ ಬಂದ್ರ ಯಾರನ್ನೂ ಒಳಗ ಬಿಡಬ್ಯಾಡ ಅಂತ ಸೆಕ್ರೆಟರಿ ಸಾಹೇಬ್ರ ಆರ್ಡರ್ ಐತಿ."

ನಾನು ಕರಾರಿನ ಮಾತೆತ್ತಿದೆ, ಟೆರೇಸಿನ ಮಾತೆತ್ತಿದೆ, ಬೆಳಿಗ್ಗೆ ನೀನೇ ಹಕ್ಕಿ ಹಿಡಿದೆಯಲ್ಲಯ್ಯಾ ಎಂದೆ. ಅವನು ಎಲ್ಲದಕ್ಕೂ ಹೌದ್ರೀ ಹೌದ್ರೀ ಎಂದ, ಗೇಟು ಮಾತ್ರ ತೆಗೆಯಲಿಲ್ಲ. ಕೊನೆಗೆ ಇಂಟರ್‌ಕಾಮಿನಲ್ಲಿ ಕರೆ ಹೋಗಿ, ವನಮಾಲಾ ಬಕೆಟ್ಟು, ಸೋಪು, ಟವೆಲ್ಲು ಹಿಡಿದು ಇಳಿದು ಬಂದಳು. ಗೇಟಿನ ಹೊರಗೆ ಗಿಡಕ್ಕೆ ನೀರು ಹಾಕುವ ನಲ್ಲಿಯ ಕೆಳಗೆ, ಹೋಗುವವರು ಬರುವವರ ಎದುರಿಗೆ, ಜನವರಿ ತಿಂಗಳ ಗಾಳಿಯಲ್ಲಿ, ಚಡ್ಡಿ ಬನಿಯನ್ನಿನಲ್ಲಿ ನನಗೆ ಸ್ನಾನವಾಯಿತು. ಎರಡನೆಯ ಮಾಳಿಗೆಯಿಂದ ಜಯಂತಿಭಾಯಿ ಭಕ್ತಿಯಿಂದ ಕೈಮುಗಿದರು, ಕೆಳಗೆ ಬರಲಿಲ್ಲ. ವನಮಾಲಾಳ ಎಡಗಿವಿಯಲ್ಲಿ ಮತ್ತೆ ಪೊರಕೆ ಕಡ್ಡಿಯಿತ್ತು. ಬಲಗಿವಿಯ ನೊಣವನ್ನು ಅವಳು ತೆಗೆದಿರಲಿಲ್ಲ.

ಹಲ್ಲು ಕಟಕಟಿಸುತ್ತ, ಇನ್ನೊಂದು ಬಕೆಟ್ಟಾದರೂ ಮೇಲಿಂದ ಬಿಸಿನೀರು ತರಬಾರದೇ ಎಂದು ಕೇಳಿದೆ. ಅವಳು ನಲ್ಲಿ ತಿರುಗಿಸಿದಳು.

"ಗೀಸರಿಗೆ ಟೇಪ್ ಹಾಕಿದೀನಲ್ಲ, ಮರೆತ್ರಾ?" ಎಂದಳು. ಆಮೇಲೆ ಹಣಮಂತನ ಕಡೆ ತಿರುಗಿ, ಈಗ ನೋಡಪ್ಪಾ, ವಾಸನೆ ಹೋಯಿತಾ ಎಂದು ಕೇಳಿದಳು.

ಹಣಮಂತ ಬಗ್ಗಿ ನನ್ನ ಭುಜ ಮೂಸಿದ. ಬಹಳ ನಿಧಾನವಾಗಿ ಯೋಚಿಸಿದ.

"ಇನ್ನೂ ಎರಡು ಬಕೀಟ ಆಗಬೇಕ್ರೀ ಅಕ್ಕಾರ," ಎಂದ.